ಐರ್ಲೆಂಡಿನ ಶಿಲಾಸಾಕ್ಷಿಗಳು

ಒಂದು ನಾಡಿನ ಇತಿಹಾಸವನ್ನು ತಿಳಿಯಲು ಗ್ರಂಥಗಳೊಂದೇ ಆಧಾರವಲ್ಲ. ಆ ನಾಡಿನ ಪ್ರಾರ್ಥನಾಮಂದಿರಗಳು, ಶ್ರೀಮಂತರ ಸೌಧಗಳು, ಊರ ನಡುವೆ ನಿಲ್ಲಿಸಿದ ಸ್ಮಾರಕಗಳು ಇವೂ ಇತಿಹಾಸವನ್ನು ಹೇಳುತ್ತವೆ. ಭವ್ಯವಾದ ಕಟ್ಟಡವೊಂದನ್ನು ಕಂಡಾಗ ಅದರ ಎತ್ತರವನ್ನೂ ಅಂದವನ್ನೂ ಮೆಚ್ಚುವುದು ಸಹಜ. ಆದರೆ ಅದನ್ನು ಕಟ್ಟಿಸಿದವರು ಯಾರು, ಹಣ ಕೊಟ್ಟವರು ಯಾರು, ಕಲ್ಲು ಕಡೆದ ಕೈ ಯಾರದು, ಅದು ಏಳುತ್ತಿದ್ದಾಗ ಸುತ್ತಲಿನ ಜನ ಹೇಗೆ ಬಾಳುತ್ತಿದ್ದರು ಎಂದು ಕೇಳಿದರೆ ಅದೇ ಕಟ್ಟಡ ಬೇರೊಂದು ಕಥೆಯನ್ನು ಹೇಳತೊಡಗುತ್ತದೆ. ವಿಕ್ಟೋರಿಯ ರಾಣಿಯ ಆಳ್ವಿಕೆಯಲ್ಲಿ, ಎಂದರೆ 1837ರಿಂದ 1901ರವರೆಗಿನ ಅವಧಿಯಲ್ಲಿ, ಐರ್ಲೆಂಡಿನಲ್ಲಿ ತಲೆಯೆತ್ತಿದ ಕಟ್ಟಡಗಳು ಇಂತಹ ಕಥೆಗಳ ಭಂಡಾರವಾಗಿವೆ.

ಐರ್ಲೆಂಡ್ ಯೂರೋಪಿನ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತಿರುವ ಹಸುರು ದ್ವೀಪ. 1801ರಲ್ಲಿ ಅದು ಬ್ರಿಟನ್ನಿನೊಡನೆ ಒಂದೇ ರಾಜ್ಯವಾಗಿ ಸೇರಿಸಲ್ಪಟ್ಟಿತು. ಡಬ್ಲಿನ್ ನಗರದಲ್ಲಿದ್ದ ಅಲ್ಲಿನ ಪಾರ್ಲಿಮೆಂಟು ಮುಚ್ಚಿಹೋಯಿತು. ನಾಡಿನ ಬಹುಸಂಖ್ಯಾತ ಜನರು ಕ್ಯಾಥೊಲಿಕ್ ಪಂಥದವರು. ಭೂಮಿಯ ಒಡೆಯರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಹಿಂದಿನ ಶತಮಾನದಲ್ಲಿ ಕ್ಯಾಥೊಲಿಕರ ಮೇಲೆ ಕಠಿಣವಾದ ಕಾನೂನುಗಳನ್ನು ಹೇರಲಾಗಿತ್ತು. ಆ ದಿನಗಳಲ್ಲಿ ಎಷ್ಟೋ ಕಡೆ ಜನರು ಬೆಟ್ಟದ ಮರೆಯಲ್ಲಿ, ಬಯಲಿನ ಬಂಡೆಯೊಂದನ್ನೇ ಪೂಜಾವೇದಿಕೆಯಾಗಿ ಮಾಡಿಕೊಂಡು ಪ್ರಾರ್ಥನೆ ಸಲ್ಲಿಸುತ್ತಿದ್ದರು. ಡೇನಿಯಲ್ ಓ'ಕಾನೆಲ್ ಎಂಬ ಜನನಾಯಕನ ಶಾಂತಿಯುತ ಹೋರಾಟದ ಫಲವಾಗಿ 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ದೊರೆಯಿತು. ಬಂಡೆಯ ಮುಂದೆ ಕೈಮುಗಿದವರ ಮಕ್ಕಳು ಮೊಮ್ಮಕ್ಕಳು ಈಗ ಮುಗಿಲು ಮುಟ್ಟುವ ಚರ್ಚುಗಳನ್ನು ಕಟ್ಟಲು ಮನಸ್ಸು ಮಾಡಿದರು.

ಅವರು ಆರಿಸಿಕೊಂಡದ್ದು ಗಾಥಿಕ್ ಶೈಲಿ. ಇದು ಮಧ್ಯಯುಗದ ಯೂರೋಪಿನಲ್ಲಿ ಬೆಳೆದ ಕಟ್ಟಡ ಪದ್ಧತಿ. ಮೇಲ್ತುದಿಯಲ್ಲಿ ಚೂಪಾದ ಕಮಾನುಗಳು, ನೀಳವಾದ ಕಿಟಕಿಗಳು, ಅವುಗಳಲ್ಲಿ ಬಣ್ಣಬಣ್ಣದ ಗಾಜಿನ ಚಿತ್ರಗಳು, ಆಕಾಶವನ್ನು ತೋರುವ ಬೆರಳಿನಂತಹ ಶಿಖರಗಳು ಇದರ ಲಕ್ಷಣಗಳು. ಚೂಪು ಕಮಾನು ಛಾವಣಿಯ ಭಾರವನ್ನು ಆಯ್ದ ಕಂಬಗಳ ಮೇಲೆ ಇಳಿಸುವುದರಿಂದ ಗೋಡೆಯನ್ನು ಅಗಲವಾಗಿ ತೆರೆದು ಬೆಳಕನ್ನು ಒಳಗೆ ಬಿಡಬಹುದು. ಈ ಶೈಲಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಳಕೆಗೆ ತಂದವರಲ್ಲಿ ಇಂಗ್ಲೆಂಡಿನ ಆಗಸ್ಟಸ್ ಪ್ಯೂಜಿನ್ ಅಗ್ರಗಣ್ಯ. ಕಟ್ಟಡಕ್ಕೆ ಅಗತ್ಯವಿಲ್ಲದ ಯಾವುದನ್ನೂ ಅದಕ್ಕೆ ಅಂಟಿಸಬಾರದು, ಅಲಂಕಾರವೆಂಬುದು ರಚನೆಯಿಂದಲೇ ಅರಳಬೇಕು ಎಂಬುದು ಅವನ ಸಿದ್ಧಾಂತವಾಗಿತ್ತು. ಲಂಡನ್ನಿನ ಪಾರ್ಲಿಮೆಂಟ್ ಭವನದ ಅಲಂಕಾರ ಕಾರ್ಯದಲ್ಲಿ ತೊಡಗಿದ್ದ ಪ್ಯೂಜಿನ್ ಐರ್ಲೆಂಡಿಗೂ ಹಲವು ಚರ್ಚುಗಳ ನಕ್ಷೆಗಳನ್ನು ರಚಿಸಿಕೊಟ್ಟನು. ಎನಿಸ್ಕಾರ್ಥಿ ಮತ್ತು ಕಿಲ್ಲಾರ್ನಿ ಪಟ್ಟಣಗಳ ಕೆಥೀಡ್ರಲುಗಳು ಅವುಗಳಲ್ಲಿ ಮುಖ್ಯವಾದವು. ಬಿಷಪ್ಪರ ಪೀಠವಿರುವ ಪ್ರಧಾನ ಚರ್ಚಿಗೆ ಕೆಥೀಡ್ರಲ್ ಎಂದು ಹೆಸರು.

ಕಿಲ್ಲಾರ್ನಿಯ ಕೆಥೀಡ್ರಲಿನ ಕೆಲಸ 1842ರಲ್ಲಿ ಆರಂಭವಾಯಿತು. ಗೋಡೆಗಳು ಏಳುತ್ತಿದ್ದಾಗಲೇ ನಾಡಿಗೆ ಮಹಾವಿಪತ್ತು ಬಂದೊದಗಿತು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ಬೂಷ್ಟು ರೋಗ ತಗುಲಿತು. ಬಡ ಒಕ್ಕಲುಗಳಿಗೆ ಆಲೂಗೆಡ್ಡೆಯೇ ಅನ್ನ. ಬೆಳೆ ಒಂದು ವರ್ಷವಲ್ಲ, ಮತ್ತೆ ಮತ್ತೆ ಕೊಳೆಯಿತು. ಒಂದೆಡೆ ಜನರು ಹಸಿವಿನಿಂದ ಸಾಯುತ್ತಿದ್ದರೆ ಇನ್ನೊಂದೆಡೆ ಧಾನ್ಯವೂ ದನಕರುಗಳೂ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಹಸಿವು ಮತ್ತು ಜ್ವರಗಳಿಂದ ಸುಮಾರು 10 ಲಕ್ಷ ಜನರು ಮಡಿದರು. ಸುಮಾರು ಅಷ್ಟೇ ಮಂದಿ ದೇಶವನ್ನು ಬಿಟ್ಟುಹೋದರು. 1841ರ ಜನಗಣತಿಯಲ್ಲಿ 81 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು. ಕಿಲ್ಲಾರ್ನಿಯಲ್ಲಿ ಕಲ್ಲುಕುಟಿಗರ ಸದ್ದು ನಿಂತಿತು. ಅರ್ಧ ಕಟ್ಟಿದ್ದ ಕೆಥೀಡ್ರಲ್ ಕ್ಷಾಮಪೀಡಿತರಿಗೆ ಆಶ್ರಯವಾಯಿತು. ದೇವರ ಮನೆಯಾಗಬೇಕಿದ್ದ ಕಟ್ಟಡ ಮೊದಲು ದಿಕ್ಕಿಲ್ಲದವರ ಮನೆಯಾಯಿತು. ಪೂಜೆಗೆ ಅದು ತೆರೆದದ್ದು 1855ರಲ್ಲಿ.

ಅರ್ಮಾ ಪಟ್ಟಣದ ಕ್ಯಾಥೊಲಿಕ್ ಕೆಥೀಡ್ರಲಿನಲ್ಲಿ ಕ್ಷಾಮದ ಗುರುತು ಇನ್ನೊಂದು ಬಗೆಯಲ್ಲಿ ಉಳಿದಿದೆ. ಅದಕ್ಕೆ 1840ರ ಮಾರ್ಚ್ 17ರಂದು, ಐರಿಷರ ಪೂಜ್ಯ ಸಂತನಾದ ಪ್ಯಾಟ್ರಿಕನ ಹಬ್ಬದ ದಿನ, ಅಸ್ತಿಭಾರ ಹಾಕಲಾಯಿತು. ಥಾಮಸ್ ಡಫ್ ಎಂಬ ಶಿಲ್ಪಿ ನಕ್ಷೆ ರಚಿಸಿದ್ದನು. ಕ್ಷಾಮ ಬಂದಾಗ ಕೆಲಸ ನಿಂತುಹೋಯಿತು. ಡಫ್ 1848ರಲ್ಲಿ ತೀರಿಕೊಂಡನು. ಕೆಥೀಡ್ರಲನ್ನು ಸಂಕಲ್ಪಿಸಿದ್ದ ಆರ್ಚ್‌ಬಿಷಪ್ ಕ್ರಾಲಿ 1849ರಲ್ಲಿ ಕಾಲರಾ ರೋಗಕ್ಕೆ ಬಲಿಯಾದನು. 1854ರಲ್ಲಿ ಕೆಲಸ ಮರಳಿ ಆರಂಭವಾದಾಗ ಜೆ. ಜೆ. ಮೆಕಾರ್ಥಿ ಎಂಬ ಹೊಸ ಶಿಲ್ಪಿ ಹೊಸ ನಕ್ಷೆಯನ್ನು ಮಾಡಿದನು. ಹಳೆಯ ಗೋಡೆಗಳನ್ನು ಕೆಡವಲಿಲ್ಲ. ಅವುಗಳ ಮೇಲೆಯೇ ಬೇರೊಂದು ಬಗೆಯ ಗಾಥಿಕ್ ರಚನೆಯನ್ನು ಏರಿಸಿದನು. ಹೀಗಾಗಿ ಈ ಕಟ್ಟಡದ ಕೆಳಭಾಗ ಒಂದು ಶೈಲಿಯದು, ಮೇಲ್ಭಾಗ ಇನ್ನೊಂದು ಶೈಲಿಯದು. ಅವೆರಡೂ ಕೂಡುವ ಎಡೆಯಲ್ಲಿ ಮಹಾಕ್ಷಾಮದ ವರ್ಷಗಳು ಅಡಗಿವೆ. 1873ರಲ್ಲಿ ಅರ್ಪಣೆಗೊಂಡ ಈ ಮಂದಿರಕ್ಕೆ ಬಡವರ ಬಿಡಿಗಾಸುಗಳೂ ಸಂದಿದ್ದವು.

ಪ್ರಾಟೆಸ್ಟೆಂಟರ ಚರ್ಚು ಬಹುಕಾಲ ಸರ್ಕಾರದ ಆಶ್ರಯದಲ್ಲಿತ್ತು. ಆ ಪಂಥಕ್ಕೆ ಸೇರದ ಕ್ಯಾಥೊಲಿಕ್ ರೈತನೂ ಅದರ ಪಾಲನೆಗಾಗಿ ತೆರಿಗೆಯನ್ನು ತೆರಬೇಕಾಗಿತ್ತು. 1869ರ ಕಾನೂನಿನಿಂದ ಈ ಸಂಬಂಧ ಕಡಿದುಹೋಯಿತು. ಆ ವೇಳೆಗೆ ಕಾರ್ಕ್ ನಗರದಲ್ಲಿ ಆ ಪಂಥದ ಸಂತ ಫಿನ್‌ಬಾರ್ ಕೆಥೀಡ್ರಲ್ ಮೇಲೇಳುತ್ತಿತ್ತು. ಅದರ ನಕ್ಷೆಗಾಗಿ ನಡೆದ ಸ್ಪರ್ಧೆಯಲ್ಲಿ ಗೆದ್ದವನು ವಿಲಿಯಂ ಬರ್ಜಸ್. ವೆಚ್ಚ 15,000 ಪೌಂಡುಗಳನ್ನು ಮೀರಬಾರದೆಂದು ನಿಬಂಧನೆಯಿತ್ತು. ಕೊನೆಗೆ ವೆಚ್ಚವಾದದ್ದು 1,00,000 ಪೌಂಡುಗಳಿಗೂ ಅಧಿಕ. 1865ರಲ್ಲಿ ಅಸ್ತಿಭಾರ ಹಾಕಿದ ಈ ಕೆಥೀಡ್ರಲಿನ ಪ್ರತಿಷ್ಠೆ 1870ರಲ್ಲಿ ನಡೆಯಿತು. ಅದರ ಮೂರು ಶಿಖರಗಳು ಪೂರ್ಣಗೊಳ್ಳಲು ಇನ್ನೂ ಕೆಲವು ವರ್ಷಗಳು ಹಿಡಿದವು. ನೆಲದ ಮೇಲಿನ ಬಣ್ಣಗಲ್ಲಿನ ಚಿತ್ತಾರದಿಂದ ಹಿಡಿದು ಕಿಟಕಿಯ ಗಾಜು, ಪೀಠೋಪಕರಣಗಳವರೆಗೆ ಪ್ರತಿಯೊಂದನ್ನೂ ಬರ್ಜಸ್ ತಾನೇ ಕಲ್ಪಿಸಿದನು. ಪೂರ್ವದಿಕ್ಕಿನ ತುದಿಯಲ್ಲಿ ತುತ್ತೂರಿ ಹಿಡಿದು ನಿಂತಿರುವ ಚಿನ್ನದ ಬಣ್ಣದ ದೇವದೂತನ ಪ್ರತಿಮೆ ಅವನೇ ಕೊಟ್ಟ ಕಾಣಿಕೆ. ಆ ದೇವದೂತ ತುತ್ತೂರಿಯನ್ನು ಊದಿದ ದಿನ ಜಗತ್ತು ಕೊನೆಗಾಣುವುದೆಂದು ಕಾರ್ಕ್ ನಗರದ ಜನ ಹೇಳುವುದುಂಟು. ವೆಚ್ಚ ಮಿತಿಮೀರಿತೆಂಬ ಮಾತು ಎದ್ದಾಗ ಬರ್ಜಸ್ ಬಿಷಪ್ಪನಿಗೆ ಒಂದು ಪತ್ರ ಬರೆದನು. ಐವತ್ತು ವರ್ಷಗಳ ಅನಂತರ ಕಾಲವನ್ನೂ ಖರ್ಚನ್ನೂ ಎಲ್ಲರೂ ಮರೆತಿರುತ್ತಾರೆ, ಕಟ್ಟಡದ ಗುಣವನ್ನು ಮಾತ್ರ ನೋಡುತ್ತಾರೆ ಎಂಬುದು ಅದರ ತಾತ್ಪರ್ಯ. ಕಲಾವಿದನ ದೃಷ್ಟಿಯಿಂದ ಈ ಮಾತು ಸರಿಯಾಗಿರಬಹುದು. ಆದರೆ ಕ್ಷಾಮ ಕಂಡ ನಾಡಿನಲ್ಲಿ ಖರ್ಚಿನ ಪ್ರಶ್ನೆ ಅಷ್ಟು ಸುಲಭವಾಗಿ ಮರೆತುಹೋಗುವಂಥದಲ್ಲ.

ಕಾರ್ಕಿನ ಬಳಿಯ ಬಂದರು ಪಟ್ಟಣವಾದ ಕೋವ್ ಈ ಪ್ರಶ್ನೆಗೆ ಇನ್ನೊಂದು ಮುಖವನ್ನು ತೋರುತ್ತದೆ. 1849ರಲ್ಲಿ ವಿಕ್ಟೋರಿಯ ರಾಣಿ ಅಲ್ಲಿ ಬಂದಿಳಿದುದರಿಂದ ಆ ಊರಿಗೆ 'ಕ್ವೀನ್ಸ್‌ಟೌನ್' ಎಂದು ಹೆಸರಿಟ್ಟಿದ್ದರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹಳೆಯ ಹೆಸರು ಮರಳಿ ಬಂದಿತು. 1848ರಿಂದ 1950ರವರೆಗೆ ಐರ್ಲೆಂಡನ್ನು ತೊರೆದ ಸುಮಾರು 60 ಲಕ್ಷ ಜನರಲ್ಲಿ ಸುಮಾರು 25 ಲಕ್ಷ ಮಂದಿ ಹಡಗು ಹತ್ತಿದ್ದು ಈ ಬಂದರಿನಲ್ಲಿಯೇ. ಬಂದರಿನ ಮೇಲಣ ಇಳಿಜಾರಿನಲ್ಲಿ 1868ರಲ್ಲಿ ಸಂತ ಕೋಲ್ಮನ್ ಕೆಥೀಡ್ರಲಿನ ಕೆಲಸ ಆರಂಭವಾಯಿತು. ಪ್ಯೂಜಿನ್ನನ ಮಗ ಎಡ್ವರ್ಡ್ ಪ್ಯೂಜಿನ್ ಮತ್ತು ಜಾರ್ಜ್ ಆಶ್ಲಿನ್ ಅದರ ನಕ್ಷೆಯನ್ನು ರಚಿಸಿದರು. ಕೆಲಸ ಮುಗಿದದ್ದು 1915ರಲ್ಲಿ, 47 ವರ್ಷಗಳ ಅನಂತರ. ಊರಿನ ಬಡವರ ಜೊತೆಗೆ ಕಡಲಾಚೆ ದುಡಿಯುತ್ತಿದ್ದ ಐರಿಷರೂ ಅದಕ್ಕೆ ಹಣ ಕೊಟ್ಟರು. ಹಡಗು ದೂರ ಸರಿದಂತೆ ವಲಸೆಗಾರರ ಕಣ್ಣಿಗೆ ಕಡೆಯವರೆಗೆ ಕಾಣುತ್ತಿದ್ದುದು ಆ ಚರ್ಚಿನ ಆಕೃತಿ. ತಾವು ಮತ್ತೆ ಕಾಣಲಾರದ ದಡದ ಮೇಲೆ ಅವರು ಕಟ್ಟಿಸಿದ ಗುರುತು ಅದು. ಅಲ್ಲಿ ವೆಚ್ಚವಾದ ಹಣದಲ್ಲಿ ಅವರ ಅಗಲಿಕೆಯ ನೋವೂ ಸೇರಿತ್ತು.

ಚರ್ಚುಗಳ ಅನಂತರ ಗಮನ ಸೆಳೆಯುವುವು ಹಳ್ಳಿಗಾಡಿನ ಮಹಾಸೌಧಗಳು. ಐರಿಷರು ಇವನ್ನು 'ದೊಡ್ಡ ಮನೆ'ಗಳೆಂದು ಕರೆಯುತ್ತಿದ್ದರು. ಸಾವಿರಾರು ಎಕರೆ ಭೂಮಿಯ ನಡುವೆ, ಎತ್ತರದ ಗೋಡೆ ಮತ್ತು ಮರಗಳ ಸಾಲಿನ ಹಿಂದೆ, ಜಮೀನ್ದಾರನ ಸೌಧ ನಿಂತಿರುತ್ತಿತ್ತು. ಅದರ ಹೊರಗೆ ಒಕ್ಕಲುಗಳ ಹುಲ್ಲುಮಾಡಿನ ಗುಡಿಸಲುಗಳು. ಒಕ್ಕಲುಗಳು ತೆತ್ತ ಗೇಣಿಯೇ ಸೌಧದ ಬುನಾದಿ. ಕಿಲ್ಲಾರ್ನಿಯ ಸರೋವರದ ದಡದಲ್ಲಿರುವ ಮಕ್ರಾಸ್ ಸೌಧ 1843ರಲ್ಲಿ ಪೂರ್ಣಗೊಂಡಿತು. ವಿಲಿಯಂ ಬರ್ನ್ ಎಂಬ ಶಿಲ್ಪಿ ರಚಿಸಿದ ಈ ಮನೆಯಲ್ಲಿ 65 ಕೋಣೆಗಳಿವೆ. 1861ರಲ್ಲಿ ವಿಕ್ಟೋರಿಯ ರಾಣಿ ಅಲ್ಲಿ ಅತಿಥಿಯಾಗಿ ತಂಗಿದಳು. ಅವಳ ಸ್ವಾಗತಕ್ಕಾಗಿ ಮನೆಯ ಒಡೆಯ ಹರ್ಬರ್ಟ್ ಮಾಡಿದ ಅದ್ದೂರಿ ವೆಚ್ಚವೂ ಆ ಮನೆತನದ ಮುಂದಿನ ಸಂಕಷ್ಟಕ್ಕೆ ಒಂದು ಕಾರಣವಾಯಿತೆನ್ನುತ್ತಾರೆ. ಮುಂದೆ ಅದು ಕೈಯಿಂದ ಕೈಗೆ ದಾಟಿ 1932ರಲ್ಲಿ ಸ್ವತಂತ್ರ ಐರ್ಲೆಂಡಿನ ಸರ್ಕಾರಕ್ಕೆ ಕೊಡುಗೆಯಾಗಿ ಸಂದಿತು. ಸುತ್ತಲಿನ ಭೂಮಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ಎಲ್ಲ ಸೌಧಗಳಿಗೂ ಇಂತಹ ಭಾಗ್ಯ ಲಭಿಸಲಿಲ್ಲ. ಲಿಮರಿಕ್ ಪ್ರಾಂತದ ಡ್ರೊಮೋರ್ ಕೋಟೆಮನೆಯನ್ನು ಎಡ್ವರ್ಡ್ ಗಾಡ್ವಿನ್ ಎಂಬ ಶಿಲ್ಪಿ 1860ರ ದಶಕದ ಕೊನೆಯಲ್ಲಿ ರಚಿಸಿದನು. ಬಂಡಾಯದ ಭೀತಿಯಿದ್ದ ಕಾಲವಾದುದರಿಂದ ಅದಕ್ಕೆ ನಿಜವಾದ ಕೋಟೆಯಂತೆ ದಪ್ಪ ಗೋಡೆಗಳನ್ನು ಕಟ್ಟಲಾಯಿತು. ಶತ್ರುಗಳು ಬರಲಿಲ್ಲ, ಬಂದದ್ದು ತೇವ. ಅಟ್ಲಾಂಟಿಕ್ ಮಳೆಯ ತೇವ ಗೋಡೆಗಳನ್ನು ಹೊಕ್ಕು ಒಳಗಿನ ವರ್ಣಚಿತ್ರಗಳನ್ನು ಕೆಡಿಸಿತು. 1950ರ ದಶಕದಲ್ಲಿ ಛಾವಣಿಯನ್ನು ಕಳಚಿ ಮಾರಲಾಯಿತು. ಇಂದು ಅದು ಸರೋವರದ ಮೇಲೆ ನಿಂತಿರುವ ಹಾಳುಗೋಡೆಗಳ ಗುಂಪು. ಇನ್ನು ಕೆಲವು ಸೌಧಗಳಿಗೆ ಬೆಂಕಿ ಬಿದ್ದಿತು. 1920ರಿಂದ 1923ರವರೆಗಿನ ಸ್ವಾತಂತ್ರ್ಯ ಹೋರಾಟ ಹಾಗೂ ಅಂತರ್ಯುದ್ಧದ ದಿನಗಳಲ್ಲಿ 250ಕ್ಕೂ ಹೆಚ್ಚು 'ದೊಡ್ಡ ಮನೆ'ಗಳು ಉರಿದುಹೋದವು. ತಲೆಮಾರುಗಳ ಗೇಣಿಯ ಭಾರ, ಒಕ್ಕಲೆಬ್ಬಿಸಿದ ನೆನಪು, ಪರಕೀಯ ಆಳ್ವಿಕೆಯ ಮೇಲಣ ಕೋಪ ಆ ಬೆಂಕಿಯಲ್ಲಿದ್ದವು. ಆದರೆ ಅದೇ ಬೆಂಕಿಯಲ್ಲಿ ಗ್ರಂಥಭಂಡಾರಗಳೂ ಚಿತ್ರಗಳೂ ಐರಿಷ್ ಬಡಗಿಗಳ, ಶಿಲ್ಪಿಗಳ ಕೈಗೆಲಸವೂ ಬೂದಿಯಾದವು.

ಮನೆ, ಚರ್ಚು, ಸ್ಮಾರಕ ಈ ಮೂರೂ ಒಂದೇ ಎಡೆಯಲ್ಲಿ ಕೂಡಿರುವ ಸ್ಥಳ ಪಶ್ಚಿಮ ತೀರದ ಕೈಲ್‌ಮೋರ್. ಮ್ಯಾಂಚೆಸ್ಟರಿನ ಶ್ರೀಮಂತ ಹತ್ತಿ ವ್ಯಾಪಾರಿಯ ಮಗನಾದ ಮಿಚೆಲ್ ಹೆನ್ರಿ ವೃತ್ತಿಯಿಂದ ವೈದ್ಯ. ತಂದೆಯ ಆಸ್ತಿ ಕೈಗೆ ಬಂದಾಗ ಅವನು ಕೊನಮಾರ ಎಂಬ ಬರಡು ಬೆಟ್ಟಗಳ ಸೀಮೆಯಲ್ಲಿ ಪತ್ನಿ ಮಾರ್ಗರೆಟ್ಟಳಿಗಾಗಿ ಸೌಧವನ್ನು ಕಟ್ಟಿಸತೊಡಗಿದನು. 1867ರಿಂದ ನಾಲ್ಕು ವರ್ಷಗಳ ಕಾಲ ಸುತ್ತಲಿನ ಜನರಿಗೆ ಅಲ್ಲಿ ಕೆಲಸ ದೊರೆಯಿತು. ಜೌಗುನೆಲವನ್ನು ಬಸಿದು ಸಾಗುವಳಿಗೆ ತಂದರು. 1874ರಲ್ಲಿ ಈಜಿಪ್ಟಿನ ಪ್ರವಾಸದಲ್ಲಿ ಮಾರ್ಗರೆಟ್ ರೋಗಕ್ಕೆ ತುತ್ತಾಗಿ ತೀರಿಕೊಂಡಳು. ಒಂಬತ್ತು ಮಕ್ಕಳ ತಂದೆಯಾದ ಹೆನ್ರಿ ಅವಳ ದೇಹವನ್ನು ಕೈಲ್‌ಮೋರಿಗೆ ತರಿಸಿದನು. ಸರೋವರದ ಅಂಚಿನಲ್ಲಿ, 1877ರಿಂದ 1881ರವರೆಗೆ, ಅವಳ ನೆನಪಿಗಾಗಿ ಪುಟ್ಟ ಗಾಥಿಕ್ ಚರ್ಚೊಂದನ್ನು ಕಟ್ಟಿಸಿದನು. ದೊಡ್ಡ ಕೆಥೀಡ್ರಲಿನ ಲಕ್ಷಣಗಳೆಲ್ಲ ಅದರಲ್ಲಿ ಕಿರಿದಾಗಿ ಮೂಡಿವೆ. ಅದರ ಒಳಗಂಬಗಳಿಗೆ ಐರ್ಲೆಂಡಿನ ನಾಲ್ಕು ಪ್ರಾಂತಗಳ ಅಮೃತಶಿಲೆಯನ್ನು ಬಳಸಲಾಗಿದೆ: ಕೊನಮಾರದ ಹಸುರು, ಕಾರ್ಕಿನ ನಸುಗೆಂಪು, ಕಿಲ್ಕೆನಿಯ ಕಪ್ಪು, ಉತ್ತರದ ಅಲ್‌ಸ್ಟರಿನ ಬೂದು. ಒಬ್ಬನ ಶೋಕಕ್ಕೆ ಇಡೀ ನಾಡಿನ ನೆಲ ಕಲ್ಲು ಕೊಟ್ಟಂತಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಮಿನ ಈಪ್ರ್ ನಗರ ನಾಶವಾದಾಗ ಅಲ್ಲಿಂದ ನಿರಾಶ್ರಿತರಾಗಿ ಬಂದ ಬೆನೆಡಿಕ್ಟೈನ್ ಸಂನ್ಯಾಸಿನಿಯರು 1920ರಲ್ಲಿ ಕೈಲ್‌ಮೋರಿನಲ್ಲಿ ನೆಲೆಸಿದರು. ಅವರು ನಡೆಸಿದ ಬಾಲಿಕೆಯರ ಶಾಲೆ 2010ರವರೆಗೂ ಇತ್ತು.

ಸಾರ್ವಜನಿಕ ಸ್ಮಾರಕಗಳ ಕಥೆಯೂ ಸ್ವಾರಸ್ಯಕರವಾದುದು. ಬೆಲ್‌ಫಾಸ್ಟ್ ನಗರದಲ್ಲಿ ರಾಣಿಯ ಪತಿ ಆಲ್ಬರ್ಟನ ನೆನಪಿಗಾಗಿ ಗಡಿಯಾರದ ಗೋಪುರವನ್ನು ನಿಲ್ಲಿಸಲು 1865ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವನು ಡಬ್ಲ್ಯು. ಜೆ. ಬಾರ್, ಆದರೆ ಕೆಲಸವನ್ನು ಎರಡನೆಯ ಸ್ಥಾನ ಪಡೆದವರಿಗೆ ಗುಟ್ಟಾಗಿ ವಹಿಸಲಾಯಿತು. ಜನರು ಪ್ರತಿಭಟಿಸಿದ ಮೇಲೆ ಬಾರ್‌ಗೆ ನ್ಯಾಯ ದೊರೆಯಿತು. 1869ರಲ್ಲಿ ಗೋಪುರ ಪೂರ್ಣಗೊಳ್ಳುವ ಮೊದಲೇ ಅವನು ತೀರಿಕೊಂಡಿದ್ದನು. ನದಿಯ ಬದಿಯ ಮೆತ್ತನೆಯ ನೆಲದಲ್ಲಿ ಮರದ ದಿಮ್ಮಿಗಳ ಮೇಲೆ ನಿಂತ ಗೋಪುರ ಕ್ರಮೇಣ ವಾಲಿತು. ತುದಿಯಲ್ಲಿ ಅದು ನೇರದಿಂದ ಸುಮಾರು 4 ಅಡಿ ಸರಿದಿದೆ.

ಡಬ್ಲಿನ್ನಿನ ಫೀನಿಕ್ಸ್ ಉದ್ಯಾನದಲ್ಲಿ 62 ಮೀಟರ್ ಎತ್ತರದ ಕಲ್ಲಿನ ಕಂಬವೊಂದಿದೆ. ಅದು ಅದೇ ನಗರದಲ್ಲಿ ಹುಟ್ಟಿದ ವೆಲಿಂಗ್ಟನ್ ಪ್ರಭುವಿನ ಸ್ಮಾರಕ. 1817ರಲ್ಲಿ ಆರಂಭವಾದ ಕೆಲಸ ಹಣ ಸಾಲದೆ ನಿಂತು 1861ರಲ್ಲಿ ಮುಗಿಯಿತು. ಅದರ ಬುಡದಲ್ಲಿರುವ ಕಂಚಿನ ಫಲಕಗಳನ್ನು ವಾಟರ್ಲೂ ಯುದ್ಧದಲ್ಲಿ ವಶಪಡಿಸಿಕೊಂಡ ಫಿರಂಗಿಗಳಿಂದ ಎರಕ ಹೊಯ್ದರು. ಒಂದು ಫಲಕ ಅವನ ಭಾರತದ ಯುದ್ಧಗಳನ್ನು ಚಿತ್ರಿಸುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಪ್ರಭುವಾದವನು. ಅಲ್ಲಿ ವಿಜಯವೆಂದು ಕಂಚಿನಲ್ಲಿ ಮೂಡಿದ ಯುದ್ಧಗಳು ಇಲ್ಲಿನ ಜನರಿಗೆ ಸೋಲಿನ ನೆನಪುಗಳಾಗಿವೆ.

ಆದರೆ ಐರಿಷ್ ಜನತೆ ತನ್ನದೆಂದು ಹೇಳಿಕೊಳ್ಳುವ ಸ್ಮಾರಕ ಡಬ್ಲಿನ್ನಿನ ಮುಖ್ಯ ಬೀದಿಯಲ್ಲಿರುವ ಓ'ಕಾನೆಲ್ಲನದು. 1864ರಲ್ಲಿ ಅದಕ್ಕೆ ಅಸ್ತಿಭಾರ ಬಿದ್ದಿತು. ಜಾನ್ ಹೆನ್ರಿ ಫೋಲಿ ಎಂಬ ಡಬ್ಲಿನ್ನಿನ ಶಿಲ್ಪಿ ಅದನ್ನು ಕಲ್ಪಿಸಿದನು. ಲಂಡನ್ನಿನ ಆಲ್ಬರ್ಟ್ ಸ್ಮಾರಕದ ಪ್ರತಿಮೆಯನ್ನು ರಚಿಸಿದವನೂ ಅವನೇ. 1874ರಲ್ಲಿ ಫೋಲಿ ತೀರಿಕೊಂಡಾಗ ಅವನ ಸಹಾಯಕ ಥಾಮಸ್ ಬ್ರಾಕ್ ಕೆಲಸವನ್ನು ಮುಂದುವರಿಸಿದನು. 1882ರಲ್ಲಿ ಪ್ರತಿಮೆ ಅನಾವರಣಗೊಂಡಿತು. ಓ'ಕಾನೆಲ್ಲನ ಪಾದದ ಕೆಳಗೆ ಸಂಕೋಲೆಯನ್ನು ಹರಿದೆಸೆದ ಐರ್ಲೆಂಡ್ ಮಾತೆ ನಿಂತಿದ್ದಾಳೆ. 1916ರ ಈಸ್ಟರ್ ದಂಗೆಯಲ್ಲಿ ಹಾರಿದ ಗುಂಡುಗಳ ತೂತುಗಳು ಈ ಸ್ಮಾರಕದ ಮೇಲೆ ಇಂದಿಗೂ ಕಾಣುತ್ತವೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1906ರಲ್ಲಿ ಅನಾವರಣಗೊಂಡ ವಿಕ್ಟೋರಿಯ ರಾಣಿಯ ಅಮೃತಶಿಲೆಯ ಪ್ರತಿಮೆ ಇದೇ ಬ್ರಾಕನ ಕೃತಿ. ಒಂದೇ ಕೈ ಒಂದೆಡೆ ಜನನಾಯಕನ ಸ್ಮಾರಕವನ್ನು ಮುಗಿಸಿತು, ಇನ್ನೊಂದೆಡೆ ಸಾಮ್ರಾಜ್ಯದ ರಾಣಿಯನ್ನು ಕಡೆಯಿತು.

ಡಬ್ಲಿನ್ನಿನಲ್ಲಿಯೂ 1908ರಲ್ಲಿ ವಿಕ್ಟೋರಿಯಳ ಪ್ರತಿಮೆಯೊಂದು ಸ್ಥಾಪಿತವಾಗಿತ್ತು. ಸ್ವತಂತ್ರ ಐರ್ಲೆಂಡಿನ ಪಾರ್ಲಿಮೆಂಟ್ ಭವನದ ಮುಂದೆಯೇ ಅದು ನಿಂತಿದ್ದುದು ಜನರಿಗೆ ಸರಿತೋರಲಿಲ್ಲ. 1948ರಲ್ಲಿ ಅದನ್ನು ಕೆಳಗಿಳಿಸಿದರು. ಬಹುಕಾಲ ಮೂಲೆಯಲ್ಲಿದ್ದ ಪ್ರತಿಮೆ ಕೊನೆಗೆ ಆಸ್ಟ್ರೇಲಿಯಕ್ಕೆ ಹೋಗಿ 1987ರಲ್ಲಿ ಸಿಡ್ನಿ ನಗರದಲ್ಲಿ ನೆಲೆಗೊಂಡಿತು. ಸಿಖ್ ಯುದ್ಧಗಳಲ್ಲಿ ಬ್ರಿಟಿಷ್ ಸೇನಾಪತಿಯಾಗಿದ್ದ ಗಫ್ ಪ್ರಭುವಿನ ಅಶ್ವಾರೂಢ ಪ್ರತಿಮೆಗೆ ಇಂತಹ ಮರ್ಯಾದೆ ಸಿಕ್ಕಲಿಲ್ಲ. ಫೋಲಿಯ ಶ್ರೇಷ್ಠ ಕೃತಿಗಳಲ್ಲಿ ಒಂದಾದ ಅದನ್ನು 1957ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಲಾಯಿತು. ಇಳಿಸುವುದಕ್ಕೂ ಒಡೆಯುವುದಕ್ಕೂ ವ್ಯತ್ಯಾಸವುಂಟು. ಮೊದಲನೆಯದರಲ್ಲಿ ಗೌರವದ ಸ್ಥಾನವನ್ನು ಹಿಂದಕ್ಕೆ ಪಡೆದಂತಾಗುತ್ತದೆ. ಎರಡನೆಯದರಲ್ಲಿ ನೋಡಿ ತೀರ್ಮಾನಿಸುವ ಅವಕಾಶವೇ ಮುಂದಿನವರಿಗೆ ಇಲ್ಲವಾಗುತ್ತದೆ.

ಈ ಕಟ್ಟಡಗಳನ್ನು ಕಟ್ಟಿಸಿದವರ ಹೆಸರುಗಳು ಫಲಕಗಳ ಮೇಲಿವೆ. ಕಡೆದವರ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿವೆ. ಕಾರ್ಕ್ ಸೀಮೆಯ ಓ'ಶೀ ಸಹೋದರರಂತಹ ಕೆಲವರು ಮಾತ್ರ ಇದಕ್ಕೆ ಅಪವಾದ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 1850ರ ದಶಕದಲ್ಲಿ ಕಟ್ಟಿದ ವಸ್ತುಸಂಗ್ರಹ ಭವನದ ಕಂಬಗಳ ಮೇಲೆ ಅವರು ಎಲೆ, ಹೂ, ಹಕ್ಕಿಗಳನ್ನು ಅರಳಿಸಿದರು. ಮಾದರಿಗಾಗಿ ಅವರು ನಂಬಿದ್ದು ಜೀವಂತ ಗಿಡಬಳ್ಳಿಗಳನ್ನೇ. ಕಂಬದಿಂದ ಕಂಬಕ್ಕೆ ಎಲೆಯ ಬಗೆ ಬೇರೆ. ಬಡ ನಾಡಿನ ಕೂಲಿಗಾರರ ಮನಸ್ಸಿನಲ್ಲಿದ್ದ ಸೌಂದರ್ಯಕ್ಕೆ ಅವು ಸಾಕ್ಷಿಗಳು.

ಐರ್ಲೆಂಡ್ ಇಂದು ಉಳಿದ ಸೌಧಗಳನ್ನೂ ಚರ್ಚುಗಳನ್ನೂ ಕಾನೂನಿನ ಮೂಲಕ ಸಂರಕ್ಷಿಸುತ್ತಿದೆ. ಒಂದು ಕಾಲಕ್ಕೆ ಒಕ್ಕಲುಗಳು ಕಾಲಿಡಲಾರದ ಅಂಗಳಗಳಲ್ಲಿ ಈಗ ಶಾಲಾಮಕ್ಕಳು ಓಡಾಡುತ್ತಾರೆ. ಸೌಧವನ್ನು ಉಳಿಸಿಕೊಂಡ ಮಾತ್ರಕ್ಕೆ ಗೇಣಿಯ ಅನ್ಯಾಯವನ್ನು ಮನ್ನಿಸಿದಂತಾಗುವುದಿಲ್ಲ. ಚರ್ಚಿನ ಚೆಲುವನ್ನು ಮೆಚ್ಚಿದ ಮಾತ್ರಕ್ಕೆ ಕ್ಷಾಮವನ್ನು ಮರೆತಂತಾಗುವುದಿಲ್ಲ. ಖರ್ಚನ್ನು ಜನ ಮರೆಯುತ್ತಾರೆಂದು ಬರ್ಜಸ್ ನಂಬಿದ್ದನು. ಕಟ್ಟಡದ ಗುಣವನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಒಟ್ಟಿಗೆ ನೆನೆಯಬಲ್ಲ ಜನಾಂಗವೇ ತನ್ನ ಇತಿಹಾಸವನ್ನು ಸರಿಯಾಗಿ ಓದಬಲ್ಲುದು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೆಥೀಡ್ರಲ್ ಎಂದರೇನು?
2. ಕೋವ್ ಪಟ್ಟಣಕ್ಕೆ 1849ರಲ್ಲಿ ಇಟ್ಟ ಹೆಸರು ಯಾವುದು?
3. ಬೆಂಗಳೂರಿನ ವಿಕ್ಟೋರಿಯ ಪ್ರತಿಮೆಯನ್ನು ರಚಿಸಿದ ಶಿಲ್ಪಿ ಯಾರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಾಥಿಕ್ ಶೈಲಿಯ ಲಕ್ಷಣಗಳಾವುವು?
2. ಅರ್ಮಾ ಕೆಥೀಡ್ರಲಿನಲ್ಲಿ ಎರಡು ಶೈಲಿಗಳು ಕಾಣಲು ಕಾರಣವೇನು?
3. ಕೈಲ್‌ಮೋರಿನ ಚರ್ಚಿನ ಕಂಬಗಳ ವಿಶೇಷವೇನು?

ಇ) ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಹಾಕ್ಷಾಮವು ಐರ್ಲೆಂಡಿನ ಚರ್ಚುಗಳ ಮೇಲೆ ಮೂಡಿಸಿದ ಗುರುತುಗಳನ್ನು ವಿವರಿಸಿರಿ.
2. 'ಇಳಿಸುವುದಕ್ಕೂ ಒಡೆಯುವುದಕ್ಕೂ ವ್ಯತ್ಯಾಸವುಂಟು' - ಈ ಮಾತನ್ನು ಪಾಠದ ಉದಾಹರಣೆಗಳೊಡನೆ ಚರ್ಚಿಸಿರಿ.